ಅಪ್‌ಡೇಟಿನ ಕಾಲ್ಗುಣ

"ಅಪ್‌ಡೇಟ್ ಆದ ಮೇಲೆ ಹಿಂಗಾಯ್ತು" ಅನ್ನೋದು ಒಂದು ಮಾತು. "ಅಪ್‌ಡೇಟಿನಿಂದ ಹಿಂಗಾಯ್ತು" ಅನ್ನೋದು ಬೇರೆ ಮಾತು. ಬಾಯಲ್ಲಿ ಹೇಳುವಾಗ ಮೊದಲನೆಯದು ಯಾವಾಗ ಎರಡನೆಯದಾಯ್ತು ಅಂತ ನಮಗೇ ಗೊತ್ತಾಗಲ್ಲ. ಕನ್ನಡದಲ್ಲಂತೂ 'ಮೇಲೆ' ಅನ್ನೋ ಒಂದೇ ಪದ ಎರಡೂ ಕೆಲಸ ಮಾಡಿಬಿಡುತ್ತೆ. "ಅವಳು ಬಂದ ಮೇಲೆ ಮನೆ ಒಡೀತು" ಅಂದವರು ಬರೀ ದಿನಾಂಕ ಹೇಳ್ತಿಲ್ಲ ಅಂತ ಕೇಳಿದವರಿಗೆಲ್ಲ ಅರ್ಥವಾಗುತ್ತೆ.

ಊರಲ್ಲಿ ಇದಕ್ಕೆ ಕಾಲ್ಗುಣ ಅಂತಾರೆ. ಹೊಸ ಸೊಸೆ, ಹೊಸ ಹಸು, ಹೊಸ ಬಾಡಿಗೆಯವರು, ಹೀಗೆ ಕೊನೆಗೆ ಯಾರು ಹೊಸಿಲು ದಾಟಿ ಬಂದರೋ, ಆಮೇಲೆ ಆದದ್ದೆಲ್ಲ ಅವರ ಪಾದದ ಲೆಕ್ಕಕ್ಕೆ. ಇಂಜಿನಿಯರಿಂಗ್ ಓದಿದವರು ಇದನ್ನು ಕೇಳಿ ನಗ್ತಾರೆ. ನಕ್ಕು ಆಫೀಸಿಗೆ ಹೋಗ್ತಾರೆ. ಅಲ್ಲಿ ಸರ್ವರ್ ಬಿದ್ದ ತಕ್ಷಣ ಮೊದಲ ಪ್ರಶ್ನೆ: "ಲಾಸ್ಟ್ ಕಮಿಟ್ ಯಾರದು?"

ನಮ್ಮ ದೊಡ್ಡಪ್ಪನ ಮಗ ತಿಪಟೂರು ಕಡೆ ಒಂದು ಹೋಬಳಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಪಹಣಿ ಪ್ರಿಂಟು, ಕಾಲೇಜು ಅರ್ಜಿ, ಪಾಸ್‌ಪೋರ್ಟ್ ಸೈಜ್ ಫೋಟೋ, ಮದುವೆ ಪತ್ರಿಕೆ ಎಲ್ಲಕ್ಕೂ ಇರೋದು ಒಂದೇ ಡೆಸ್ಕ್‌ಟಾಪು, ಆರು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ್ದು. ಪಿಯುಸಿ ಮುಗಿಸಿದ ಹುಡುಗನೊಬ್ಬ ಕೆಲಸಕ್ಕೆ ಸೇರಿ ಮೂರು ವಾರ ಆಗಿತ್ತು. ಒಂದು ಸಂಜೆ ಅಂಗಡಿ ಮುಚ್ಚುವಾಗ ಅವನು 'ಅಪ್‌ಡೇಟ್ ಅಂಡ್ ಶಟ್‌ಡೌನ್' ಒತ್ತಿದ. ಮಾರನೇ ದಿನದಿಂದ ಕಂಪ್ಯೂಟರು ಇದ್ದಕ್ಕಿದ್ದಂತೆ ನಿಂತುಬಿಡೋದು, ತಾನೇ ರೀಸ್ಟಾರ್ಟ್ ಆಗೋದು, ನೀಲಿ ಪರದೆ ಬರೋದು. ಅದೂ ಕಾಲೇಜು ಅಡ್ಮಿಷನ್ ಟೈಮು, ಹೊರಗೆ ಕ್ಯೂ.

"ಆ ಹುಡುಗನ ಕಾಲ್ಗುಣ ಸರಿಯಿಲ್ಲ ಕಣಪ್ಪ" ಅಂದರು ದೊಡ್ಡಮ್ಮ. ಅಣ್ಣನಿಗೆ ಕಾಲ್ಗುಣದಲ್ಲೆಲ್ಲ ನಂಬಿಕೆ ಇಲ್ಲ. ಆದರೆ ಅವನ ತೀರ್ಪೂ ಅದೇ: "ಕೇಳದೆ ಒತ್ತಿ ಹಾಳು ಮಾಡಿದ." ಆ ತಿಂಗಳ ಸಂಬಳದಲ್ಲಿ ರಿಪೇರಿ ಖರ್ಚು ಹಿಡಿದುಕೊಳ್ಳೋ ಮಾತೂ ಬಂತು. ಹುಡುಗ ಹೇಳಿದ್ದು ಒಂದೇ: "ಅಣ್ಣ, ಅದೇ ಕೇಳ್ತು, ನಾನು ಒತ್ತಿದೆ ಅಷ್ಟೇ."

ನಾನು ಭಾನುವಾರ ಹೋಗಿ ಕೂತೆ. ಮೊದಲ ಸುಳಿವು ನೀಲಿ ಪರದೆಯಲ್ಲೇ ಇತ್ತು. ಬಂದ ಎರರ್ ಕೋಡುಗಳು ಒಂದೊಂದು ಸಲ ಒಂದೊಂದು. ಒಂದು ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಕಂಪ್ಯೂಟರು ಒಂದೇ ಜಾಗದಲ್ಲಿ ಎಡವುತ್ತೆ. ಎಲ್ಲೆಂದರಲ್ಲಿ ಎಡವುತ್ತಿದ್ದರೆ ಅನುಮಾನ ನೆಲದ ಮೇಲೆ ಬರಬೇಕು, ಅಂದರೆ ಹಾರ್ಡ್‌ವೇರ್ ಮೇಲೆ. ಆದರೂ ಆರೋಪ ಇರೋದು ಅಪ್‌ಡೇಟಿನ ಮೇಲಲ್ಲವಾ, ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ಬಂದೆ. ಒಂದೂವರೆ ದಿನ ಕಂಪ್ಯೂಟರು ಹಸುವಿನ ಹಾಗೆ ಸುಮ್ಮನಿತ್ತು. ಅಣ್ಣ ಫೋನ್ ಮಾಡಿ "ನೋಡ್ದಾ?" ಅಂದ. ಮಂಗಳವಾರ ಮಧ್ಯಾಹ್ನ ಮತ್ತೆ ನೀಲಿ ಪರದೆ.

ಮುಂದಿನ ಶನಿವಾರ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ರಾತ್ರಿಯಿಡೀ ಓಡಿಸಿದೆ. ಅದು ಮೆಮೊರಿಯ ಪ್ರತಿ ಕೋಣೆಗೂ ಏನೋ ಬರೆದು, ಬರೆದದ್ದೇ ವಾಪಸ್ ಬಂತಾ ಅಂತ ನೋಡುತ್ತೆ. ಬೆಳಗ್ಗೆ ಪರದೆ ತುಂಬ ಕೆಂಪು ಸಾಲು. ಒಳಗಿದ್ದದ್ದು ಎರಡು ರ್‍ಯಾಮ್ ಕಡ್ಡಿ. ತೆಗೆದು, ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಹಾಕಿದೆ. ಪ್ರಯೋಜನವಿಲ್ಲ. ಆಮೇಲೆ ಒಂದೊಂದನ್ನೇ ಒಂದೊಂದು ಸ್ಲಾಟಿನಲ್ಲಿ ಹಾಕಿ ನೋಡಿದೆ. ಒಂದು ಕಡ್ಡಿ ಎರಡೂ ಸ್ಲಾಟಿನಲ್ಲಿ ತಪ್ಪು ಮಾಡ್ತು, ಇನ್ನೊಂದು ಎಲ್ಲೂ ಮಾಡಲಿಲ್ಲ. ಕೆಟ್ಟದ್ದನ್ನು ತೆಗೆದಿಟ್ಟು, ಅದೇ ಅಪ್‌ಡೇಟನ್ನು ಮತ್ತೆ ಹಾಕಿದೆ. ಅವತ್ತಿನಿಂದ ತೊಂದರೆ ಇಲ್ಲ.

ಕೊನೆಯ ಹೆಜ್ಜೆ ಮುಖ್ಯ. ಕಡ್ಡಿ ತೆಗೆದ ಮೇಲೆ ಸರಿಹೋಯ್ತು ಅಂತ ಎದ್ದು ಬಂದಿದ್ದರೆ ಅದೂ ಇನ್ನೊಂದು ಕಾಲ್ಗುಣದ ಕಥೆಯೇ ಆಗ್ತಿತ್ತು. ನ್ಯಾಯಶಾಸ್ತ್ರದವರು ಇದನ್ನು ಅನ್ವಯ ವ್ಯತಿರೇಕ ಅಂತಾರೆ: ಇದು ಇದ್ದಲ್ಲಿ ಅದು ಇರಬೇಕು, ಇದು ಇಲ್ಲದಲ್ಲಿ ಅದೂ ಇರಬಾರದು. ಬರೀ ಒಟ್ಟಿಗೆ ಬಂದದ್ದಕ್ಕೂ ಸಂಸ್ಕೃತದಲ್ಲಿ ಹೆಸರಿದೆ, ಕಾಕತಾಲೀಯ. ಕಾಗೆ ಬಂದು ಕೂತಿತು, ತಾಳೆಹಣ್ಣು ಬಿತ್ತು. (ನಮ್ಮ ಕಡೆ ತೆಂಗೇ ಜಾಸ್ತಿ. ಕಾಯಿ ಬಿದ್ದರೆ ಯಾರೂ ಕಾಗೆಯನ್ನು ಕೇಳಲ್ಲ, ಮರದ ಕೆಳಗೆ ಬೈಕ್ ನಿಲ್ಲಿಸಿದವನನ್ನು ಬೈತಾರೆ.) 1739ರಲ್ಲಿ ಡೇವಿಡ್ ಹ್ಯೂಮ್ ಇನ್ನೂ ಮುಂದೆ ಹೋಗಿ, ನಮ್ಮ ಕಣ್ಣಿಗೆ ಬೀಳೋದು ಒಂದರ ಹಿಂದೆ ಒಂದು ಬರೋದಷ್ಟೇ, ಅವೆರಡನ್ನೂ ಕಟ್ಟಿರುವ ಹಗ್ಗ ಯಾವತ್ತೂ ಕಾಣಲ್ಲ ಅನ್ನೋ ಅರ್ಥದಲ್ಲಿ ಬರೆದ.

ಹಾಗಾದರೆ ಅಪ್‌ಡೇಟಿಗೂ ಇದಕ್ಕೂ ಏನೂ ಸಂಬಂಧವಿಲ್ಲವಾ? ಇದೆ. ಅದೇ ಇದರಲ್ಲಿ ಸೂಕ್ಷ್ಮ. ವಿಂಡೋಸಿನಲ್ಲಿ ದಿನಾ ಶಟ್‌ಡೌನ್ ಮಾಡಿದರೂ ಸಾಮಾನ್ಯವಾಗಿ ಅದು ಪೂರ್ತಿ ಮಲಗಲ್ಲ, ತನ್ನ ಒಳಭಾಗವನ್ನು ಡಿಸ್ಕಿನಲ್ಲಿ ಹಾಗೇ ಎತ್ತಿಟ್ಟು ಬೆಳಗ್ಗೆ ವಾಪಸ್ ಇಳಿಸಿಕೊಳ್ಳುತ್ತೆ. ಅಪ್‌ಡೇಟ್ ಆದಾಗ ಮಾತ್ರ ಎಲ್ಲ ಹೊಸದಾಗಿ ಶುರು. ಆಗ ಯಾವುದು ಮೆಮೊರಿಯ ಯಾವ ಮೂಲೆಗೆ ಹೋಗಿ ಕೂರುತ್ತೆ ಅನ್ನೋದು ಬದಲಾಗುತ್ತೆ. ಸರ್ವರುಗಳಲ್ಲಿ ತಪ್ಪು ಹಿಡಿಯುವ ಇಸಿಸಿ ಮೆಮೊರಿ ಹಾಕಿರ್ತಾರೆ, ಅಂಗಡಿ ಡೆಸ್ಕ್‌ಟಾಪಿನಲ್ಲಿ ಅದೆಲ್ಲಿ? ಕೆಟ್ಟ ಕೋಣೆಯಲ್ಲಿ ಮೊದಲು ಯಾರದೋ ಫೋಟೋದ ಒಂದು ಚುಕ್ಕಿ ಕೂತಿದ್ದಿರಬಹುದು, ಕೆನ್ನೆ ಮೇಲೆ ಒಂದು ಕಲೆ ಬಂದರೆ ಯಾರು ನೋಡ್ತಾರೆ? ಈಗ ಅಲ್ಲಿ ಸಿಸ್ಟಮಿನ ಜೀವದ ಭಾಗವೇ ಬಂದು ಕೂತಿದ್ದರೆ ಬೀಳದೆ ಇನ್ನೇನು. ಅಪ್‌ಡೇಟ್ ನೆಪ. ಕಾರಣ ಅದಕ್ಕೂ ಮೊದಲೇ ಒಳಗಿತ್ತು.

ಹಾಗಂತ ಕೊನೆಗೆ ಬಂದದ್ದನ್ನು ಮೊದಲು ಅನುಮಾನಿಸೋದು ಮೂಢನಂಬಿಕೆ ಅಂತಲೂ ನಾನು ಹೇಳಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ದೋಷದ ಅಪ್‌ಡೇಟಿನಿಂದಲೇ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಅವತ್ತು ರ್‍ಯಾಮ್ ಪರೀಕ್ಷೆ ಮಾಡ್ತಾ ಕೂತವನು ಪೆದ್ದ. ಅನುಮಾನ ತಪ್ಪಲ್ಲ. ಅನುಮಾನಕ್ಕೂ ತೀರ್ಪಿಗೂ ನಡುವೆ ಒಂದು ಪರೀಕ್ಷೆ ಇರಬೇಕು, ಯಂತ್ರದ ವಿಷಯದಲ್ಲಿ ಆ ಪರೀಕ್ಷೆ ಅಗ್ಗ. ತೆಗೆ, ಹಾಕು, ನೋಡು. ಮತ್ತೆ ತೆಗೆ. ಅಪ್‌ಡೇಟಿಗೆ ಬೇಜಾರಾಗಲ್ಲ.

ಮನುಷ್ಯರನ್ನು ಹೀಗೆ ತೆಗೆದು ಹಾಕಿ ನೋಡೋದು ಹೇಗೆ? ನಮ್ಮ ಚಿಕ್ಕಮ್ಮ ಮದುವೆಯಾಗಿ ಬಂದದ್ದು 1998ರಲ್ಲಿ. ಮುಂದಿನ ಬೇಸಿಗೆಗೆ ಮನೆ ಬಾವಿ ಬತ್ತಿತು. ಅಜ್ಜನ ಕಾಲದಿಂದ ಬತ್ತದ ಬಾವಿ. ಆ ವರ್ಷಗಳಲ್ಲಿ ಸುತ್ತಮುತ್ತ ತೋಟಗಳಲ್ಲೆಲ್ಲ ಬೋರ್‌ವೆಲ್ ಲಾರಿ ಬಂದು ನಿಲ್ತಿತ್ತು, ಅಂತರ್ಜಲ ಇಳೀತಾ ಇತ್ತು, ಪಕ್ಕದೂರಿನ ಬಾವಿಗಳೂ ಒಣಗ್ತಿದ್ದವು. ಆದರೆ ಮನೆಯೊಳಗೆ ಕಣ್ಣಿಗೆ ಕಾಣುವ ಹೊಸದು ಅಂದರೆ ಚಿಕ್ಕಮ್ಮ ಒಬ್ಬರೇ. "ಒಂದಷ್ಟು ದಿನ ತವರಿಗೆ ಕಳಿಸಿ ನೋಡಿ" ಅಂತ ಸಲಹೆ ಕೊಟ್ಟವರೂ ಇದ್ದರು. ಇದೂ ಒಂಥರಾ ವ್ಯತಿರೇಕ ಪರೀಕ್ಷೆಯೇ, ನೋಡಿ. ಅವರು ತವರಲ್ಲಿದ್ದಾಗ ಒಂದು ಒಳ್ಳೆ ಮಳೆಯಾಗಿ ಬಾವಿಗೆ ನಾಲ್ಕು ಅಡಿ ನೀರು ಬಂದಿದ್ದರೆ? ಅಣ್ಣನ ಒಂದೂವರೆ ದಿನದ "ನೋಡ್ದಾ?" ಇದ್ದ ಹಾಗೆ ಅದೂ ಸಾಕ್ಷಿಯಾಗಿ ಜನ್ಮಪೂರ್ತಿ ಉಳೀತಿತ್ತು. ಚಿಕ್ಕಪ್ಪ ಕಳಿಸಲಿಲ್ಲ. ಆದರೂ ಮಾತು ಹೋಗಲಿಲ್ಲ. ಇವತ್ತಿಗೂ ಮನೆಯಲ್ಲಿ ಹೊಸ ಬೋರ್ ಕೊರೆಸುವ ದಿನ ಚಿಕ್ಕಮ್ಮ ಅಡುಗೆಮನೆ ಬಿಟ್ಟು ಈಚೆ ಬರಲ್ಲ. ಯಾರೂ ಬರಬೇಡ ಅಂದಿಲ್ಲ, ಅವರೇ ಬರಲ್ಲ.

ನಮ್ಮ ಕ್ಷೇತ್ರದಲ್ಲಿ ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್ ಅಂತ ಒಂದು ಪದ್ಧತಿ ಇದೆ. ಸಿಸ್ಟಮ್ ಬಿದ್ದಾಗ ಯಾರು ಒತ್ತಿದರು ಅಂತ ಕೇಳೋ ಬದಲು, ಒತ್ತಿದರೆ ಬೀಳೋ ಹಾಗೆ ಹೇಗಿತ್ತು ಅಂತ ಕೇಳೋದು. ಒಳ್ಳೆ ಪದ್ಧತಿ. ಅದು ಆರು ವರ್ಷದ ರ್‍ಯಾಮನ್ನೂ ಕೇಳುತ್ತೆ, ಇಡೀ ಅಂಗಡಿಗೆ ಒಂದೇ ಕಂಪ್ಯೂಟರ್ ಯಾಕೆ ಅಂತಲೂ ಕೇಳುತ್ತೆ. ಆದರೆ ಆ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವನು ಅಂಗಡಿ ಮಾಲೀಕ, ಮೂರು ವಾರದ ಹುಡುಗ ಅಲ್ಲ. ಹೊಸಬರು ಸುಲಭಕ್ಕೆ ಸಿಗ್ತಾರೆ, ಅವರ ಪರ ಮಾತಾಡೋಕೆ ಅಲ್ಲಿ ಯಾರೂ ಇರಲ್ಲ.

ಕೆಟ್ಟ ಕಡ್ಡಿಯನ್ನು ಅಣ್ಣನ ಕೈಗೆ ಕೊಟ್ಟು ಎಲ್ಲ ವಿವರಿಸಿದೆ. ಸರಿಯಾಗೇ ಅರ್ಥ ಮಾಡಿಕೊಂಡ. "ಹಂಗಾದ್ರೆ ಅಪ್‌ಡೇಟಿಂದ ಅಲ್ಲ" ಅಂದ. ಹುಡುಗ ಎಲ್ಲಿ ಅಂತ ಕೇಳಿದೆ. ಗುರುವಾರವೇ ಬಿಟ್ಟು ಹೋದನಂತೆ.

"ಫೋನ್ ಮಾಡಿ ಹೇಳಿದ್ಯಾ, ನಿಂದೇನೂ ತಪ್ಪಿರಲಿಲ್ಲ ಅಂತ?"

"ಅದನ್ನೇನ್ ಹೇಳೋದು ಬಿಡೋ, ತುಮಕೂರಲ್ಲಿ ಯಾವ್ದೋ ಮೊಬೈಲ್ ಅಂಗಡಿ ಸೇರ್ಕೊಂಡವ್ನಂತೆ."

ನಂಬರ್ ಇಸ್ಕೊಂಡು ನಾನೇ ಮಾಡಿದೆ. ರ್‍ಯಾಮ್ ಹೋಗಿತ್ತು ಕಣಪ್ಪ, ಅಪ್‌ಡೇಟಿಂದ ಅಲ್ಲ ಅಂದೆ. ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ, "ಅಣ್ಣ, ಇದನ್ನ ನಮ್ಮಪ್ಪಂಗೆ ಒಂದು ಸಲ ಹೇಳ್ತೀರಾ? ಇಲ್ಲೇ ಇದಾರೆ, ಕೊಡ್ತೀನಿ" ಅಂದ.