ಬೆಳಕಿಗೆ ಮಣಿಯುವ ಆಂಟೆನಾ ಮತ್ತು ದ್ರವ್ಯದ ಪ್ರಶ್ನೆ

ಗುಣ ಬದಲಾದ ಮೇಲೂ ವಸ್ತು ಅದೇ ಆಗಿ ಉಳಿಯುತ್ತದೆಯೇ ಎಂಬ ದರ್ಶನಗಳ ಹಳೆಯ ಪ್ರಶ್ನೆಯನ್ನು, 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಿಂದಾಗಿ ರೇಡಿಯೋ, ರಾಡಾರುಗಳು ಪರಿಚಿತವಾಗಿರುವ ಬೆಂಗಳೂರಿನ ಸಿಂಗಾಪುರ, ಜಾಲಹಳ್ಳಿಯ ಸೀಮೆಯಲ್ಲಿ ಆಂಟೆನಾದ ಮೂಲಕ ಕೇಳುವುದು ಉಚಿತ.

ಆಂಟೆನಾದ ಆವರ್ತನವನ್ನು, ಅಂದರೆ ಅದು ಸ್ಪಂದಿಸುವ ಅಲೆಯ ಕಂಪನಸಂಖ್ಯೆಯನ್ನು, ಬಹುಮಟ್ಟಿಗೆ ಅದರ ಉದ್ದವೇ ನಿರ್ಧರಿಸುತ್ತದೆ: 100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್ ಆಗಿರುವುದರಿಂದ ಅದರ ಅರ್ಧದಷ್ಟು, ಸುಮಾರು ಒಂದೂವರೆ ಮೀಟರಿನ ಲೋಹದ ಕಡ್ಡಿ ಅದಕ್ಕೆ ಹೊಂದುತ್ತದೆ. ಬೆಳಕಿನಿಂದ ನಿಯಂತ್ರಿಸುವ ವಿನ್ಯಾಸದಲ್ಲಿ ಲೋಹದ ತುಂಡುಗಳ ನಡುವೆ ಸಿಲಿಕಾನ್ ಚೂರನ್ನು ಇಡುತ್ತಾರೆ. ಕತ್ತಲಲ್ಲಿ ಅದು ವಿದ್ಯುತ್ತನ್ನು ಬಹುತೇಕ ತಡೆಯುತ್ತದೆ, ಆದರೆ ಆಪ್ಟಿಕಲ್ ಫೈಬರ್ ಎಂಬ ಗಾಜಿನ ಎಳೆಯ ಮೂಲಕ ಬಂದ ಲೇಸರ್ ಕಿರಣ ತಾಗಿದೊಡನೆ ಅದರೊಳಗಿನ ಎಲೆಕ್ಟ್ರಾನುಗಳು ಬಿಡುಗಡೆಗೊಂಡು, ತುಂಡುಗಳು ಬೆಸೆದು, ಉದ್ದ ಹೆಚ್ಚಿ, ಆವರ್ತನ ಇಳಿಯುತ್ತದೆ. ನಿಯಂತ್ರಣಕ್ಕೆಂದು ತಾಮ್ರದ ತಂತಿ ಎಳೆದರೆ ಆ ತಂತಿಯೇ ಅಲೆಗಳನ್ನು ಕದಡಬಲ್ಲದು. ಗಾಜಿನ ಎಳೆಗೆ ಆ ದೋಷವಿಲ್ಲ ಎಂಬುದೇ ಈ ವಿನ್ಯಾಸದ ನಿಜವಾದ ಸೊಗಸು.

ಅದ್ವೈತಿಯು ಈ ಬೆಳಕನ್ನು ಉಪಾಧಿ, ಅಂದರೆ ತನ್ನ ಗುಣವನ್ನು ಮತ್ತೊಂದರ ಮೇಲೆ ತೋರಿಸುವ ಸಮೀಪದ ವಸ್ತು, ಎಂದಾನು. ದಾಸವಾಳದ ಬಳಿಯ ಸ್ಫಟಿಕ ಕೆಂಪಾಗಿ ಕಂಡರೂ ಕೆಂಪಾಗಿರುವುದಿಲ್ಲ. ಆಂಟೆನಾದ ಬದಲಾವಣೆಯಾದರೋ ಬರಿಯ ತೋರಿಕೆಯಲ್ಲ, ಅದು ಬೇರೆ ಅಲೆಯನ್ನೇ ಹಿಡಿಯುತ್ತದೆ. ಹಾಗಾಗಿ ಪರ್ಯಾಯಗಳು, ಅಂದರೆ ಅವಸ್ಥೆಗಳು, ನಿಜವಾಗಿಯೇ ಹುಟ್ಟಿ ಅಳಿಯುವಾಗಲೂ ದ್ರವ್ಯ, ಅಂದರೆ ಮೂಲ ವಸ್ತು, ಸ್ಥಿರವಾಗಿರುತ್ತದೆ ಎನ್ನುವ ಜೈನ ನಿಲುವೇ ಇಲ್ಲಿ ಹೆಚ್ಚು ಒಪ್ಪುತ್ತದೆ. ಲೇಸರ್ ಆರಿದಾಗ ಹಿಂದಿನ ಆವರ್ತನವೇ ಮರಳುವುದು ಅದಕ್ಕೆ ಬಲ ಕೊಡುತ್ತದೆ.