ಆಪತ್ತಿಗಾದವನೇ ನೆಂಟ

‘ಆಪತ್ತಿಗಾದವನೇ ನೆಂಟ’ ಎಂಬ ಗಾದೆಯನ್ನು ನಾವು ಬಹುಪಾಲು ಬೇರೆಯವರನ್ನು ತೂಗಲು ಬಳಸುತ್ತೇವೆ. ಆಸ್ಪತ್ರೆಗೆ ಯಾರು ಬಂದರು, ಸಾಲಕ್ಕೆ ಯಾರು ಜಾಮೀನು ನಿಂತರು, ಯಾರು ಫೋನೇ ಎತ್ತಲಿಲ್ಲ ಎಂಬ ಲೆಕ್ಕ ಅದು. ಹಲವು ಊರುಗಳಿಂದ ಬಂದವರು ನೆಲೆಸಿರುವ ಬೆಂಗಳೂರಿನ ನಮ್ಮ ಕತ್ರಿಗುಪ್ಪೆಯಲ್ಲಿ ಈ ಮಾತಿನ ನಿಜ ಎಲ್ಲರಿಗೂ ಗೊತ್ತು. ನಡುರಾತ್ರಿ ಎದೆನೋವು ಕಾಣಿಸಿಕೊಂಡರೆ ಊರಿನ ಅಣ್ಣತಮ್ಮಂದಿರಿಗಿಂತ ಮೊದಲು ಓಡಿ ಬರುವವರು ಎದುರುಮನೆಯವರೇ.

ಆದರೆ ಗಾದೆ ಅಷ್ಟಕ್ಕೇ ಮುಗಿಯುವುದಿಲ್ಲ. ನನ್ನ ಆಪತ್ತಿಗೆ ಯಾರಾದರು ಎಂದು ಕೇಳಿದ ಮೇಲೆ, ನಾನು ಯಾರ ಆಪತ್ತಿಗಾದೆ ಎಂದೂ ಕೇಳಿಕೊಳ್ಳಬೇಕು. ಈ ಎರಡನೆಯ ಪ್ರಶ್ನೆಗೆ ಪ್ರಾಣವನ್ನೇ ಉತ್ತರವಾಗಿ ಕೊಟ್ಟವರು ಯೋಧರು.

ಕಡಲ ಕಾಳಗದಲ್ಲಿ ಹಿಂದೆ ಸರಿಯಲು ನೆಲವಿರುವುದಿಲ್ಲ. ಹಡಗಿಗೆ ಬಂದದ್ದು ಹಡಗಿನಲ್ಲಿರುವವರಿಗೆಲ್ಲ ಬಂದಂತೆ. 1971ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಡಿಸೆಂಬರ್ 9ರ ರಾತ್ರಿ ದೀವ್ ಸಮೀಪ ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ಹೊಡೆದ ಟಾರ್ಪಿಡೊಗೆ ನಮ್ಮ ಯುದ್ಧನೌಕೆ ‘ಖುಕ್ರಿ’ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ನೀರುಪಾಲಾದರು. ಹಡಗಿನ ಮುಖ್ಯಸ್ಥ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ಲೈಫ್ ಜಾಕೆಟ್ಟನ್ನು ಕಿರಿಯನೊಬ್ಬನಿಗೆ ಕೊಟ್ಟು ಹಡಗಿನಲ್ಲೇ ಉಳಿದರು. ಆ ಕಿರಿಯ ಅವರ ಮಗನಲ್ಲ, ತಮ್ಮನಲ್ಲ. ಜಾಕೆಟ್ಟು ಕೈ ಬದಲಾದ ಆ ಗಳಿಗೆಯಲ್ಲೇ ಇಬ್ಬರಿಗೂ ನೆಂಟಸ್ತಿಕೆ ಕೂಡಿಬಂತು. ಮುಲ್ಲಾ ಅವರಿಗೆ ಮರಣಾನಂತರ ಮಹಾವೀರ ಚಕ್ರ ಸಂದಿತು.

2008ರ ನವೆಂಬರ್‌ನಲ್ಲಿ ಉಗ್ರರು ಮುಂಬೈನ ತಾಜ್ ಹೋಟೆಲಿಗೆ ನುಗ್ಗಿದಾಗ ಕಮಾಂಡೊಗಳ ಪೈಕಿ ನೌಕಾಪಡೆಯ ‘ಮಾರ್ಕೋಸ್’ ಪಡೆಯವರು ಮೊದಲು ಒಳಹೊಕ್ಕರು. ಆಮೇಲೆ ಬಂದ ರಾಷ್ಟ್ರೀಯ ಭದ್ರತಾ ಪಡೆಯ (ಎನ್‌ಎಸ್‌ಜಿ) ತಂಡದಲ್ಲಿ ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಇದ್ದರು. ಜೊತೆಗಾರನಿಗೆ ಗುಂಡು ತಗುಲಿತು. ಸಂದೀಪ್ ಮೊದಲು ಅವನನ್ನು ಹೊರಗೆ ಸಾಗಿಸಿದರು, ಆಮೇಲೆ ಉಗ್ರರ ಬೆನ್ನುಹತ್ತಿದರು. ಮೇಲೆ ಬರಬೇಡಿ, ನಾನು ನೋಡಿಕೊಳ್ಳುತ್ತೇನೆ ಎಂದು ತಂಡಕ್ಕೆ ಹೇಳಿದ ಅವರು ನವೆಂಬರ್ 28ರಂದು ಹುತಾತ್ಮರಾದರು. ಆಗ ಅವರಿಗೆ 31 ವರ್ಷ. ಮುಂದೆ ಅಶೋಕ ಚಕ್ರ ಬಂತು.

ಆಪತ್ತು ಯುದ್ಧಕಾಲದಲ್ಲೇ ಬರಬೇಕೆಂದಿಲ್ಲ. 2019ರ ಏಪ್ರಿಲ್ 26ರಂದು ‘ವಿಕ್ರಮಾದಿತ್ಯ’ ನೌಕೆ ನಮ್ಮ ಕಾರವಾರದ ಬಂದರು ಸೇರುತ್ತಿದ್ದಾಗ ಒಳಗೆ ಬೆಂಕಿ ಹೊತ್ತಿತು. ಅದನ್ನು ನಂದಿಸುವ ತಂಡದ ಮುಂದೆ ನಿಂತ ಲೆಫ್ಟಿನೆಂಟ್ ಕಮಾಂಡರ್ ಧರ್ಮೇಂದ್ರ ಸಿಂಗ್ ಚೌಹಾಣ್ ಹೊಗೆಯಿಂದ ಪ್ರಜ್ಞೆ ತಪ್ಪಿ ತೀರಿಕೊಂಡರು. ಮದುವೆಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಬೆಂಕಿ ಹತೋಟಿಗೆ ಬಂತು, ಹಡಗು ಉಳಿಯಿತು.

ಮೂವರೂ ಸಾವನ್ನು ಹುಡುಕಿಕೊಂಡು ಹೋದವರಲ್ಲ. ಪಕ್ಕದವನು ಉಳಿಯಲಿ ಎಂದು ಮುಂದೆ ನಿಂತವರು. ಇಂಥವರು ನಮಗೆ ಹೊಸಬರಲ್ಲ: ಕನ್ನಡನಾಡಿನ ಎಷ್ಟೋ ವೀರಗಲ್ಲುಗಳು ಊರಿನ ದನಕರುಗಳನ್ನು ಬಿಡಿಸಲು ಹೋರಾಡಿ ಮಡಿದವರ ನೆನಪಿಗೆ ನಿಂತಿವೆ. ಗೆಲುವಿಗಿಂತ ಕಾಯುವುದನ್ನು ದೊಡ್ಡದೆಂದು ತಿಳಿದ ನಾಡಿದು.

ಗಾದೆಯನ್ನು ಈಗ ನಮ್ಮ ಕಡೆಗೆ ತಿರುಗಿಸಿಕೊಳ್ಳೋಣ. ಯೋಧನ ಆಪತ್ತು ರಣರಂಗದಲ್ಲೇ ಮುಗಿದರೂ ಅವನ ಮನೆಯವರದು ಅಲ್ಲಿಂದಲೇ ಶುರುವಾಗುತ್ತದೆ: ಹೆಂಡತಿಯ ಪಿಂಚಣಿ ಕಾಗದ, ಮಕ್ಕಳ ಓದು, ವಯಸ್ಸಾದ ತಂದೆತಾಯಿಯ ಔಷಧಿ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದು ಸಂಗ್ರಹವಾಗುವ ಹಣ ಇಂಥ ಕುಟುಂಬಗಳಿಗೂ ಮಾಜಿ ಸೈನಿಕರಿಗೂ ಸಲ್ಲುತ್ತದೆ. ಅದಕ್ಕೆ ಕೈಲಾದಷ್ಟು ಕೊಡೋಣ; ನಮ್ಮ ಬೀದಿಯಲ್ಲೇ ಅಂಥ ಮನೆಯಿದ್ದರೆ ವರ್ಷವಿಡೀ ಹೋಗಿ ಬರೋಣ. ಅವರು ನಮ್ಮ ಆಪತ್ತಿಗಾದರು. ಅವರ ಮನೆಯ ಆಪತ್ತಿಗೆ ನಾವಾಗದಿದ್ದರೆ ಈ ಗಾದೆ ಹೇಳುವ ಹಕ್ಕು ನಮಗಿಲ್ಲ.