ತುಟಿ ಒಬ್ಬನದು, ಸ್ವರ ಒಬ್ಬನದು



ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ದಾರಿಯ ಬದಿಯ ಒಂದು ಹಳ್ಳಿಯಲ್ಲಿ, ಕಳೆದ ವರುಷ ತೊಗರಿಯ ಹೊಲಗಳು ಹೂ ಬಿಟ್ಟಿದ್ದ ದಿವಸಗಳಲ್ಲಿ, ನಾನು ಒಂದು ರಾತ್ರಿ ಇಳುಕೊಂಡಿದ್ದೆನು. ಊಟವಾದ ಮೇಲೆ ಮನೆಯವರೆಲ್ಲರೂ ದೂರದರ್ಶನದ ಮುಂದೆ ಕೂತರು. ಪರದೆಯ ಮೇಲೆ ನಾಲ್ಕು ಮಂದಿ ಯೌವನಸ್ಥರ ಒಂದು ವಾದ್ಯಮೇಳವು ಬಂದು ಬಹು ಉತ್ಸಾಹದಿಂದ ಹಾಡುತ್ತಲೂ ಬಾರಿಸುತ್ತಲೂ ಇತ್ತು. ಆ ಮನೆಯ ಹಿರಿಯರು ನಾಲ್ವತ್ತು ವರುಷಗಳಿಂದ ಸಭೆಯಲ್ಲಿ ಹಾರ್ಮೋನಿಯಂ ನುಡಿಸುತ್ತಾ ಬಂದವರು. ಅವರು ಸ್ವಲ್ಪ ಹೊತ್ತು ನೋಡಿ, “ಇವರು ಹಾಡುತ್ತಾ ಇಲ್ಲ” ಅಂದರು.

ಹುಡುಗರು ನಕ್ಕರು. ಆಗ ಹಿರಿಯರು ಬೆರಳು ಮಾಡಿ ತೋರಿಸಿದ್ದೇನಂದರೆ, ಗಿಟಾರಿನಿಂದ ಹೊರಡಬೇಕಾದ ವಿದ್ಯುತ್ತಿನ ತಂತಿಯು ಎಲ್ಲಿಯೂ ಕಾಣಲಿಲ್ಲ. ಅದೊಂದೇ ಆಗಿದ್ದರೆ ಸುಮ್ಮನಿರಬಹುದಾಗಿತ್ತು, ಯಾಕಂದರೆ ತಂತಿಯಿಲ್ಲದೆ ಸ್ವರ ಕಳುಹಿಸುವ ಯಂತ್ರಗಳೂ ಈಗ ಉಂಟು. ಆದರೆ ಕಂಚಿನ ತಟ್ಟೆಯು ಪೆಟ್ಟು ತಿಂದು ಅಲ್ಲಾಡುತ್ತಿದ್ದರೂ ಅದರ ನಾದವು ಬರಲಿಲ್ಲ. ಕೊನೆಯಲ್ಲಿ ಹಾಡು ದೂರ ಹೋಗುವ ಬಂಡಿಯ ಸದ್ದಿನಂತೆ ಮೆಲ್ಲಮೆಲ್ಲನೆ ಕುಗ್ಗಿ ಇಲ್ಲದೆ ಹೋಗುತ್ತಿರುವಾಗ, ಹಾಡುವವನ ಬಾಯಿಯು ಮೊದಲಿನಷ್ಟೇ ಅಗಲವಾಗಿ ತೆರೆದಿತ್ತು. ಮನುಷ್ಯರು ಹಾಗೆ ಹಾಡಿ ಮುಗಿಸುವದಿಲ್ಲ. ಯಂತ್ರದ ಗುಬುಟು ತಿರುಗಿಸುವವನು ಮಾತ್ರ ಹಾಗೆ ಮುಗಿಸುವನು. ಹುಡುಗರ ನಗು ನಿಂತಿತು.

ಆ ಮೇಲೆ ನಿಜವಾದ ಸಂಗತಿಯು ಹೊರಬಿತ್ತು. ಆ ವರುಷದ ಕ್ರಿಸ್ಮಸ್ ರಾತ್ರಿಯ ಕೂಟದಲ್ಲಿ ತಾವೂ ಹೀಗೆಯೇ ಮಾಡಬೇಕೆಂದು ಆ ಹುಡುಗರು ನಿಶ್ಚಯಿಸಿದ್ದರು. ಪಟ್ಟಣದ ಗಾಯಕರು ಹಾಡಿದ ಗೀತವನ್ನು ಮೊಬೈಲಿನಿಂದ ದೊಡ್ಡ ಪೆಟ್ಟಿಗೆಗಳಲ್ಲಿ ಹೊರಡಿಸಿ, ಬಾಡಿಗೆಗೆ ತಂದ ಗಿಟಾರನ್ನು ಹಿಡಿದು ಸಭೆಯ ಮುಂದೆ ತುಟಿ ಆಡಿಸುವದು ಅವರ ಆಲೋಚನೆ. ಹಿರಿಯರು ಇದನ್ನು ಸುಳ್ಳೆಂದರು; ಹುಡುಗರು ಆಟವೆಂದರು. ನನ್ನ ತೀರ್ಪನ್ನು ಕೇಳಿದಾಗ, ನಿದ್ರೆಯ ನೆವ ಹೇಳಿ ನಾನು ತಪ್ಪಿಸಿಕೊಂಡೆನು. ಆ ರಾತ್ರಿ ಕೊಡಲಾರದ ಉತ್ತರವನ್ನು ಈಗ ಬರೆಯಲು ಯತ್ನಿಸುತ್ತೇನೆ.

ಮೊದಲು ಈ ಪದ್ಧತಿಯು ಯಾಕೆ ಹುಟ್ಟಿತೆಂಬದನ್ನು ನೋಡೋಣ. ಮುದ್ರಿತವಾದ ಒಂದು ಹಾಡು ಒಂದೇ ಸಾರಿ ಹಾಡಿದ್ದಲ್ಲ. ತಾಳವನ್ನು ಒಂದು ದಿನ, ತಂತಿವಾದ್ಯವನ್ನು ಮತ್ತೊಂದು ದಿನ, ಕಂಠವನ್ನು ಹತ್ತು ಸಾರಿ ಹಿಡಿದು, ಅವುಗಳಲ್ಲಿ ಒಳ್ಳೇದನ್ನು ಆರಿಸಿ, ಒಂದರ ಮೇಲೊಂದು ಹಾಸಿ ಮಾಡಿದ್ದು. ದೂರದರ್ಶನದ ಕೋಣೆಯಲ್ಲಿ ಅದನ್ನು ಮೂರು ನಿಮಿಷದೊಳಗೆ ತಿರಿಗಿ ಉಂಟುಮಾಡುವದು ಕಷ್ಟ. ಒಂದು ಮೇಳವು ಇಳಿದು ಮತ್ತೊಂದು ಹತ್ತುವಾಗ ಧ್ವನಿಗ್ರಾಹಕಗಳನ್ನೆಲ್ಲಾ ಹೊಸದಾಗಿ ಸರಿಪಡಿಸಬೇಕು. ಅದಲ್ಲದೆ ಒಂದೇ ಹಾಡನ್ನು ನಾಲ್ಕು ದಿಕ್ಕಿನಿಂದ ನಾಲ್ಕು ಸಾರಿ ಚಿತ್ರಿಸಿ ಜೋಡಿಸಬೇಕಾದರೆ, ಪ್ರತಿಸಾರಿಯೂ ಸ್ವರವು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗಕೂಡದು. ಮುದ್ರಿತ ಹಾಡನ್ನೇ ಹಾಕಿ ತುಟಿ ಆಡಿಸಿದರೆ ಈ ತೊಂದರೆಗಳೆಲ್ಲಾ ತೀರುವವು. ಮೋಸ ಮಾಡಬೇಕೆಂಬ ಸಂಕಲ್ಪಕ್ಕಿಂತ ಸೌಕರ್ಯವೇ ಇದಕ್ಕೆ ತಾಯಿ ಎಂದು ಒಪ್ಪಿಕೊಳ್ಳತಕ್ಕದ್ದು.

ಇಂಗ್ಲೆಂಡಿನಲ್ಲಿ ಬಿ.ಬಿ.ಸಿ. ಯವರು ‘ಟಾಪ್ ಆಫ್ ದಿ ಪಾಪ್ಸ್’ ಎಂಬ ಪ್ರಸಿದ್ಧ ಕಾರ್ಯಕ್ರಮವನ್ನು 1964ನೆಯ ಜನವರಿ 1ರಂದು ಮ್ಯಾಂಚೆಸ್ಟರಿನಲ್ಲಿ ಆರಂಭಿಸಿದರು. ಆ ಕೋಣೆಯಿದ್ದ ಕಟ್ಟಡವು ಮುಂಚೆ ವೆಸ್ಲಿಯನ್ ಮೆಥೊಡಿಸ್ಟರ ದೇವಾಲಯವಾಗಿತ್ತೆಂದು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕವನ್ನು ಮುಚ್ಚಿಟ್ಟೆನು. ಒಂದು ಕಾಲದಲ್ಲಿ ಸಭೆಯೆಲ್ಲಾ ಗಂಟಲೆತ್ತಿ ಹಾಡಿದ್ದ ಗೋಡೆಗಳ ಒಳಗೆ, ಹಾಡದೆ ಹಾಡುವವರು ಬಂದು ನಿಂತರು. ಇದಕ್ಕೆ ಮೊದಲು ಬಲವಾಗಿ ಎದುರು ನಿಂತವರು ಬೋಧಕರಲ್ಲ, ವಾದ್ಯಗಾರರ ಸಂಘದವರು. ತುಟಿ ಆಡಿಸುವವನಿಗೆ ಕೂಲಿ ದೊರೆತರೆ ನುಡಿಸುವವನು ಏನು ತಿನ್ನಬೇಕೆಂಬದು ಅವರ ಪ್ರಶ್ನೆ. ಅವರ ಒತ್ತಾಯದಿಂದ 1966ರಲ್ಲಿ ಆ ಪದ್ಧತಿಗೆ ಕಟ್ಟು ಹಾಕಲ್ಪಟ್ಟಿತು.

ಆದರೆ ತುಟಿ ಆಡಿಸುವದು ತನ್ನಷ್ಟಕ್ಕೆ ಸುಳ್ಳೋ? ಹಾಗಾದರೆ ನಮ್ಮ ನಾಡಿನ ಅರ್ಧ ಸಂತೋಷವೇ ಸುಳ್ಳಾಗುವದು. ತೊಗಲುಗೊಂಬೆಯು ಮಾತಾಡುವದಿಲ್ಲ, ಪರದೆಯ ಹಿಂದಿರುವವನು ಮಾತಾಡುತ್ತಾನೆ. ಯಕ್ಷಗಾನದಲ್ಲಿ ವೇಷಧಾರಿಯು ಕುಣಿಯುವಾಗ ಪದವನ್ನು ಹಾಡುವವನು ಭಾಗವತನು. ಚಲನಚಿತ್ರದಲ್ಲಿಯೂ ಹಾಗೆಯೇ. 1934ರಲ್ಲಿ ನಮ್ಮ ಮೊದಲನೆಯ ಕನ್ನಡ ವಾಕ್ಚಿತ್ರವಾದ ‘ಸತಿ ಸುಲೋಚನ’ವು ಬಂದಾಗ ನಟರೇ ಹಾಡಬೇಕಾಗಿತ್ತು. 1935ರಲ್ಲಿ ಕಲ್ಕತ್ತೆಯಲ್ಲಿ ಒಬ್ಬರ ಕಂಠಕ್ಕೆ ಮತ್ತೊಬ್ಬರ ತುಟಿಯನ್ನು ಹೊಂದಿಸುವ ಕ್ರಮವು ಹುಟ್ಟಿತು. ರಾಜಕುಮಾರರಿಗೋಸ್ಕರ ಪಿ.ಬಿ. ಶ್ರೀನಿವಾಸರು ಎಷ್ಟೋ ವರುಷ ಹಾಡಿದರು; ತಾನು ಶರೀರ ಮಾತ್ರ, ಶಾರೀರವು ಅವರದು ಎಂದು ರಾಜಕುಮಾರರು ಹೇಳುತ್ತಿದ್ದರೆಂಬ ಮಾತು ನಾಡೆಲ್ಲಾ ಬಲ್ಲದ್ದು. ಆ ಮೇಲೆ 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತು ಅವರೇ ಹಾಡಿದರು. ‘ಜೀವನ ಚೈತ್ರ’ದ ಹಾಡಿಗೆ ಗಾಯಕರಿಗೆ ಸಲ್ಲುವ ರಾಷ್ಟ್ರಪ್ರಶಸ್ತಿಯೂ ಅವರಿಗೆ ಬಂತು. ಹಾಡಬಲ್ಲವನೊಬ್ಬನು ಅಷ್ಟು ಕಾಲ ಬೇರೊಬ್ಬನ ಸ್ವರಕ್ಕೆ ತುಟಿ ಕೊಟ್ಟನಲ್ಲಾ! ಆದರೂ ಯಾರೂ ಮೋಸಹೋಗಲಿಲ್ಲ, ಯಾಕಂದರೆ ಹಾಡಿದವನ ಹೆಸರು ಪರದೆಯ ಮೇಲೆ ಬರೆಯಲ್ಪಟ್ಟಿತ್ತು, ಬಾಯಿಬಾಯಿಯಲ್ಲಿಯೂ ಇತ್ತು.

ಸುವಾರ್ತೆಗಳಲ್ಲಿ ‘ಕಪಟಿಗಳು’ ಎಂದು ನಾವು ಓದುವಲ್ಲಿ ಮೂಲವಾದ ಗ್ರೀಕ್ ಶಬ್ದವು ನಾಟಕದ ವೇಷಧಾರಿ ಎಂಬ ಅರ್ಥವುಳ್ಳದ್ದು. ಈ ಸಂಗತಿಯ ಮೇಲೆ ನಾನು ಬಹಳ ದಿವಸ ಯೋಚಿಸಿದ್ದುಂಟು. ರಂಗದ ಮೇಲೆ ಮುಖವಾಡ ಹಾಕಿಕೊಂಡವನು ಅರಸನೆಂದು ಹೇಳಿಕೊಂಡರೆ ಅದು ಅವನ ಕಸಬು, ರಂಗವೇ ಅವನ ಪರವಾಗಿ ನಿಜವನ್ನು ಸಾರುತ್ತದೆ. ಅದೇ ಮುಖವಾಡದಲ್ಲಿ ಬೀದಿಗೆ ಇಳಿದು ಕಂದಾಯ ಕೇಳಿದರೆ ಅವನು ಕಳ್ಳನು. ಹಾಗಾದರೆ ದೂರದರ್ಶನದ ವಾದ್ಯಮೇಳವು ರಂಗದ ಮೇಲಿದೆಯೋ, ಬೀದಿಯಲ್ಲಿದೆಯೋ? ಎಲ್ಲಾ ಗೊಂದಲವೂ ಇಲ್ಲಿಯೇ. ಸಿನೆಮಾದ ನಾಯಕನು ಗಾಯಕನೆಂದು ತನ್ನನ್ನು ಮಾರಿಕೊಳ್ಳುವದಿಲ್ಲ. ಮೇಳದವನಾದರೋ ‘ನಾನು ನುಡಿಸುವವನು’ ಎಂಬ ಒಂದೇ ಮಾತಿನ ಮೇಲೆ ನಮ್ಮ ಮುಂದೆ ನಿಂತಿದ್ದಾನೆ. ಆ ಮಾತನ್ನು ತೆಗೆದುಬಿಟ್ಟರೆ ಅವನಲ್ಲಿ ನೋಡತಕ್ಕದ್ದು ಏನು ಉಳಿಯಿತು?

ನಮ್ಮ ಸೀಮೆಯವರು ಈ ಪೆಟ್ಟಿಗೆಯನ್ನು ಸುಲಭವಾಗಿ ನಂಬುವದಕ್ಕೆ ಕಾರಣವುಂಟು. 1975ರಲ್ಲಿ ಉಪಗ್ರಹದ ಮೂಲಕ ಕಲಬುರಗಿ, ರಾಯಚೂರು ಕಡೆಯ ಹಳ್ಳಿಗಳಿಗೆ ದೂರದರ್ಶನವು ಮೊದಲು ಬಂದಾಗ, ಅದು ಒಕ್ಕಲುತನವನ್ನೂ ಆರೋಗ್ಯವನ್ನೂ ಕಲಿಸುವ ಉಪಾಧ್ಯಾಯನಾಗಿ ಬಂತು. ಉಪಾಧ್ಯಾಯನು ಸುಳ್ಳು ಹೇಳಾನೆಂದು ಯಾರು ಎಣಿಸುವರು? ಇಸಾಕನ ಕಥೆಯನ್ನು ನೆನಸಿರಿ. ಕಣ್ಣು ಮೊಬ್ಬಾದ ಆ ಮುದುಕನ ಮುಂದೆ ಕಿರಿಯ ಮಗನು ಹಿರಿಯವನ ಬಟ್ಟೆ ತೊಟ್ಟು, ಕೈಗಳಿಗೆ ಆಡುಮರಿಯ ತೊಗಲನ್ನು ಸುತ್ತಿಕೊಂಡು ನಿಂತನು. ಸ್ವರವು ಒಬ್ಬನದು, ಕೈಗಳು ಮತ್ತೊಬ್ಬನವು ಎಂದು ತಂದೆಗೆ ಸಂಶಯ ಹುಟ್ಟಿದರೂ ಅವನು ಕಿವಿಯನ್ನು ಬಿಟ್ಟು ಕೈಯನ್ನು ನಂಬಿದನು. ನಾವು ಅವನಿಗಿಂತ ಜಾಣರಲ್ಲ. ಕಿವಿಯನ್ನು ಬಿಟ್ಟು ಕಣ್ಣನ್ನು ನಂಬುತ್ತೇವೆ. 2009ರಲ್ಲಿ ಇಟಲಿಯ ಒಂದು ದೂರದರ್ಶನ ಕಾರ್ಯಕ್ರಮದಲ್ಲಿ ತುಟಿ ಆಡಿಸಬೇಕೆಂದು ಹೇಳಿಸಿಕೊಂಡ ‘ಮ್ಯೂಸ್’ ಎಂಬ ಮೇಳದವರು, ಹಟದಿಂದ ತಮ್ಮ ತಮ್ಮ ಸ್ಥಾನಗಳನ್ನು ಬದಲಾಯಿಸಿಕೊಂಡು, ಗಾಯಕನನ್ನು ಡ್ರಮ್ಮಿನ ಹಿಂದೆ ಕೂಡ್ರಿಸಿ ಡ್ರಮ್ಮಿನವನನ್ನು ಮುಂದೆ ನಿಲ್ಲಿಸಿದರು. ಕಾರ್ಯಕ್ರಮ ನಡಿಸುವವಳಿಗೂ ಗೊತ್ತಾಗಲಿಲ್ಲ. ಡ್ರಮ್ಮಿನವನನ್ನೇ ಗಾಯಕನೆಂದು ಮಾತಾಡಿಸಿದಳು.

ಇದು ನಗೆಯ ಮಾತಾಯಿತು. ನಗೆ ಬಾರದ ಸಂಗತಿಯೂ ಉಂಟು. 2008ನೆಯ ಆಗಸ್ಟ್ 8ರಂದು ಚೀನ ದೇಶದ ಬೀಜಿಂಗಿನಲ್ಲಿ ಒಲಿಂಪಿಕ್ ಕ್ರೀಡೆಗಳು ಆರಂಭವಾದಾಗ, ಕೆಂಪು ಅಂಗಿಯ ಒಂಬತ್ತು ವರುಷದ ಹುಡುಗಿಯೊಬ್ಬಳು ಲೋಕವೆಲ್ಲಾ ನೋಡುತ್ತಿರಲಾಗಿ ಹಾಡಿದಳೆಂದು ಕಂಡಿತು. ಸ್ವರವು ಅವಳದಲ್ಲ. ಏಳು ವರುಷದ ಯಾಂಗ್ ಪೇಯಿ ಎಂಬ ಬೇರೊಂದು ಮಗುವಿನದು. ಮುಂದೆ ನಿಲ್ಲುವ ಮುಖವು ದೇಶದ ಗೌರವಕ್ಕೆ ತಕ್ಕಷ್ಟು ಚೆಲುವಾಗಿರಬೇಕೆಂದು ದೊಡ್ಡವರು ನಿರ್ಣಯಿಸಿದ್ದರಿಂದ ಹೀಗಾಯಿತೆಂದು ಅಲ್ಲಿನ ಸಂಗೀತ ನಿರ್ದೇಶಕನೇ ಆ ಮೇಲೆ ಹೇಳಿದನು. ತುಟಿ ಆಡಿಸಿದ ಮಗುವಿನ ಮೇಲೆ ನಾನು ದೋಷ ಹೊರಿಸಲಾರೆನು. 1990ರಲ್ಲಿ ‘ಮಿಲ್ಲಿ ವನಿಲ್ಲಿ’ ಎಂಬ ಜೋಡಿಯು ತಾವು ಹಾಡದ ಹಾಡಿಗೆ ಪಡೆದಿದ್ದ ಗ್ರ್ಯಾಮಿ ಬಹುಮಾನವು ಹಿಂದಕ್ಕೆ ತೆಗೆದುಕೊಳ್ಳಲ್ಪಟ್ಟಾಗಲೂ, ಲೋಕದ ಉಗುಳೆಲ್ಲಾ ಆ ಇಬ್ಬರು ಯೌವನಸ್ಥರ ಮುಖದ ಮೇಲೆ ಬಿತ್ತು. ಅವರನ್ನು ಕುಣಿಸಿದವನ ಮೇಲೆ ಅಷ್ಟು ಬೀಳಲಿಲ್ಲ. ಸೂತ್ರವು ಯಾರ ಕೈಯಲ್ಲಿದೆಯೆಂದು ಕೇಳದೆ ಗೊಂಬೆಯನ್ನು ಹೊಡೆಯುವದು ನಮ್ಮ ಹಳೇ ರೂಢಿ.

ತನ್ನದೇ ಹಾಡಿಗೆ ತಾನೇ ತುಟಿ ಆಡಿಸುವವನ ವಿಷಯ ಏನೆಂದು ಕೆಲವರು ಕೇಳಬಹುದು. 2009ನೆಯ ಜನವರಿ 20ರಂದು ಅಮೆರಿಕದ ಅಧ್ಯಕ್ಷರಾದ ಒಬಾಮಾ ಪ್ರಮಾಣ ಮಾಡುವಾಗ, ಯೋ-ಯೋ ಮಾ, ಇಟ್ಝಾಕ್ ಪರ್ಲ್‌ಮನ್ ಮೊದಲಾದ ನಾಲ್ವರು ಮಹಾ ವಾದಕರು ಎರಡು ದಿವಸ ಮುಂಚೆ ತಾವೇ ನುಡಿಸಿ ಮುದ್ರಿಸಿದ್ದಕ್ಕೆ ಕೈ ಆಡಿಸಿದರು. ಆ ದಿನದ ಚಳಿಯಲ್ಲಿ ತಂತಿಗಳು ಶ್ರುತಿ ತಪ್ಪುತ್ತಿದ್ದವು, ಹರಿಯಲೂಬಹುದಾಗಿತ್ತು. ಯಾರ ಸ್ವರವನ್ನೂ ಅವರು ಕದಿಯಲಿಲ್ಲ. ಆದರೂ ಮುಂಚಿತವಾಗಿ ಒಂದು ಮಾತು ಹೇಳಿದ್ದರೆ ಚೆನ್ನಾಗಿತ್ತೆಂದು ನನಗೆ ತೋರುತ್ತದೆ. ನಿನ್ನೆಯ ರೊಟ್ಟಿಯನ್ನು ಅತಿಥಿಗೆ ಕೊಡುವದು ತಪ್ಪಲ್ಲ. ಇದೇ ಈಗ ಬೇಯಿಸಿದ್ದೆಂದು ಯಾಕೆ ತೋರಿಸಬೇಕು?

ಈಗ ಆ ಹುಡುಗರ ಕಡೆಗೆ ತಿರುಗುತ್ತೇನೆ. ಅವರ ಮಾತಿನಲ್ಲಿ ಒಂದು ನೋವು ಇತ್ತು, ಅದನ್ನು ನಾನು ಹಗುರವಾಗಿ ಎಣಿಸಲಾರೆನು. “ನಮ್ಮ ಸ್ವರ ಒರಟು, ನಮ್ಮ ವಾದ್ಯ ಹರಕು. ಹೋದ ವರುಷ ಪಟ್ಟಣದ ಕೂಟದಲ್ಲಿ ಹಾಡಿ ನಗೆಗೀಡಾದೆವು. ಒಳ್ಳೇ ಹಾಡು ಕೈಯಲ್ಲಿರುವಾಗ ಕೆಟ್ಟದ್ದನ್ನು ಯಾಕೆ ಅರ್ಪಿಸಬೇಕು?” ಇದು ಸೋಮಾರಿಯ ಮಾತಲ್ಲ, ನಾಚಿಕೆ ತಿಂದವನ ಮಾತು. ಇದಕ್ಕೆ ಉತ್ತರ ಹುಡುಕುವಾಗ ದಾವೀದನೂ ಅರೌನನ ಕಣವೂ ನೆನಪಿಗೆ ಬಂದವು. ಎತ್ತುಗಳನ್ನೂ ಕಟ್ಟಿಗೆಯನ್ನೂ ಪುಕ್ಕಟೆಯಾಗಿ ಕೊಡುತ್ತೇನೆಂದು ಅರೌನನು ಹೇಳಿದರೂ ಅರಸನು ಒಪ್ಪಲಿಲ್ಲ. ತನಗೆ ಏನೂ ವೆಚ್ಚವಾಗದ ಯಜ್ಞವು ತನ್ನದಾಗಲಾರದೆಂದು ಬೆಲೆ ಕೊಟ್ಟೇ ತಕ್ಕೊಂಡನು. ಅರೌನನ ಎತ್ತುಗಳು ಕೆಟ್ಟವುಗಳೆಂದಲ್ಲ.

ಹುಡುಗರಿಗೆ ಕಾಣದೆ ಹೋದದ್ದು ಇನ್ನೂ ಒಂದುಂಟು. ಆ ದೊಡ್ಡ ಪೆಟ್ಟಿಗೆಗಳು ಬಂದ ಕೂಟದಲ್ಲಿ ಹಿಂದಿನ ಸಾಲಿನ ಮುದುಕಿಯರು ಬಾಯಿ ಮುಚ್ಚುತ್ತಾರೆ. ಓದುಬಾರದ ಅವರು ನೂರು ಕೀರ್ತನೆಗಳನ್ನು ಕಿವಿಯಿಂದಲೇ ಕಲಿತವರು. ಪೆಟ್ಟಿಗೆಯು ತಮಗಿಂತ ಚೆನ್ನಾಗಿ ಹಾಡುವಾಗ ತಾವು ಯಾಕೆ ಹಾಡಬೇಕೆಂದು ಅವರಿಗೆ ತೋರುತ್ತದೆ. ಜಾನ್ ವೆಸ್ಲಿಯವರು 1761ರಲ್ಲಿ ಹಾಡುವವರಿಗೆ ಬರೆದ ವಿಧಿಗಳಲ್ಲಿ ಎಲ್ಲರೂ ಹಾಡಬೇಕೆಂದೂ, ಅರೆಸತ್ತವರಂತೆ ಹಾಡಬಾರದೆಂದೂ ಹೇಳಿ, ತನ್ನ ಸ್ವರವು ಮಿಕ್ಕವರ ಸ್ವರವನ್ನು ಮುಚ್ಚುವಂತೆ ಕೂಗಬಾರದೆಂದೂ ಸೇರಿಸಿದರು. ಯಂತ್ರಕ್ಕೆ ಈ ಕಡೆಯ ವಿಧಿಯನ್ನು ಯಾರು ಕಲಿಸುವರು? ನಮ್ಮಲ್ಲಿ ಅನೇಕರ ಅಜ್ಜಂದಿರು ಹಲಗೆಯನ್ನೂ ಶಹನಾಯಿಯನ್ನೂ ನುಡಿಸಿ ಹೊಟ್ಟೆ ಹೊರೆದವರು. ಮದುವೆಗಳಲ್ಲಿ ಆ ಕೂಲಿಯನ್ನು ಯಂತ್ರವು ಆಗಲೇ ಕಿತ್ತುಕೊಂಡಿದೆ. ಅವರಿಗೆ ಕೂಲಿ ಮಾತ್ರವಲ್ಲದೆ ಒಂದು ಬಿಗುಮಾನವೂ ಇತ್ತು. ಹಲಗೆಯನ್ನು ಬೆಂಕಿಗೆ ಹಿಡಿದು ಕಾಸಿ, ಬೆರಳಿನಿಂದ ತಟ್ಟಿ, ಶ್ರುತಿ ಬಂತೋ ಇಲ್ಲವೋ ಎಂದು ಕಿವಿಗೊಡುತ್ತಿದ್ದ ಆ ಕ್ಷಣದಲ್ಲಿ ಅವರು ಯಾರ ಆಳುಗಳೂ ಆಗಿರಲಿಲ್ಲ.

ಇದು ಕಲ್ಯಾಣದ ನೆಲ. 12ನೆಯ ಶತಮಾನದಲ್ಲಿ ಇಲ್ಲಿ ಆಳಿದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಗೀತ ವಾದ್ಯಗಳ ವಿಷಯವಾಗಿ ಬರೆದನು, ಅದೇ ಶತಮಾನದಲ್ಲಿ ಬಸವಣ್ಣನವರೂ ಶರಣರೂ ನಡೆ ಬೇರೆ ನುಡಿ ಬೇರೆ ಆಗಬಾರದೆಂದು ಇಲ್ಲಿಯೇ ಕಲಿಸಿದರು. ತುಟಿಗೂ ಸ್ವರಕ್ಕೂ ಇರತಕ್ಕ ಸಂಬಂಧವನ್ನು ಕುರಿತು ವಿಚಾರಿಸುವದು ಈ ಸೀಮೆಯವರಿಗೆ ಹೊಸದೇನೂ ಅಲ್ಲ.

ಕ್ರಿಸ್ಮಸ್ ರಾತ್ರಿ ನಾನು ಆ ಹಳ್ಳಿಗೆ ತಿರಿಗಿ ಹೋದೆನು. ಹಿರಿಯರಿಗೂ ಹುಡುಗರಿಗೂ ಒಂದು ಒಡಂಬಡಿಕೆಯಾಗಿತ್ತು. ಮೂರು ಹಾಡುಗಳಲ್ಲಿ ಒಂದಕ್ಕೆ ಮೊಬೈಲಿನ ವಾದ್ಯ, ಕಂಠಗಳು ಮಾತ್ರ ತಮ್ಮವು. ಮಿಕ್ಕ ಎರಡಕ್ಕೆ ಹಾರ್ಮೋನಿಯಂ ಮತ್ತು ಹಲಗೆ. ಮೊದಲನೆಯ ಹಾಡಿಗೆ ಮುಂಚೆ ಹುಡುಗರಲ್ಲಿ ಒಬ್ಬನು ಎದ್ದು, ಈ ವಾದ್ಯವು ನಾವು ನುಡಿಸುವದಲ್ಲ, ಬೇರೆಯವರು ನುಡಿಸಿದ್ದು ಎಂದು ಸಭೆಗೆ ತಿಳಿಸಿದನು. ಹೇಳುವಾಗ ಅವನ ಮುಖ ಕೆಂಪಾಯಿತು. ಎರಡನೆಯ ಹಾಡಿನ ನಡುವೆ ಅವರ ತಾಳ ತಪ್ಪಿತು, ಒಬ್ಬನು ಮುಂದೆ ಓಡಿದನು, ಒಬ್ಬನು ಹಿಂದೆ ಬಿದ್ದನು. ಆಗ ಹಿಂದಿನ ಸಾಲಿನಿಂದ ಮುದುಕಿಯೊಬ್ಬಳು ಪಲ್ಲವಿಯನ್ನು ಗಟ್ಟಿಯಾಗಿ ಎತ್ತಿಕೊಂಡಳು, ಹುಡುಗರು ಅವಳ ಸ್ವರವನ್ನು ಹಿಡಿದು ದಾರಿಗೆ ಬಂದರು.